ಛಾವಣಿ ಶೀಟ್ ಹೊದಿಸುವ ಗುತ್ತಿಗೆದಾರರಿಗೆ ಯಾವ ವಿಮೆ ಬೇಕು? ಸಿ.ಎ.ಆರ್. ಪಾಲಿಸಿ ಒಂದೇ ಸಾಕೇ?

ಶೀಟ್ ಕಂಟ್ರಾಕ್ಟರ್, ಕಾಮಾಕ್ಷಿಪಾಳ್ಯ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷಗಳಿಂದ ಕಾಮಾಕ್ಷಿಪಾಳ್ಯದಲ್ಲಿ ಸಣ್ಣದೊಂದು ಫ್ಯಾಬ್ರಿಕೇಷನ್ ಶೆಡ್ ಇಟ್ಟುಕೊಂಡಿದ್ದೇನೆ. ಕಾರ್ಖಾನೆ, ಗೋದಾಮು ಮತ್ತು ಮನೆಗಳ ತಾರಸಿಗೆ ಟ್ರಸ್ (ಛಾವಣಿ ಹೊರುವ ಚೌಕಟ್ಟು) ನಿಲ್ಲಿಸಿ ಶೀಟ್ ಹೊದಿಸುವುದು ನನ್ನ ಕೆಲಸ. ನನ್ನಲ್ಲಿ ಏಳು ಜನ ಕಾಯಂ ಇದ್ದಾರೆ. ಕೆಲಸ ಹೆಚ್ಚಿದಾಗ ಮೇಸ್ತ್ರಿಯೊಬ್ಬರು ಇನ್ನೂ ನಾಲ್ವರನ್ನು ಕರೆತರುತ್ತಾರೆ. ಈಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಹಳೆಯ ಕಲ್ನಾರಿನ ಶೀಟುಗಳನ್ನು ಬಿಚ್ಚಿ, ಬಣ್ಣದ ಉಕ್ಕಿನ ಶೀಟು ಹೊದಿಸುವ ಹದಿನೆಂಟು ಲಕ್ಷ ರೂಪಾಯಿಯ ಕೆಲಸ ಸಿಕ್ಕಿದೆ. ಛಾವಣಿಯ ಅಂಚು ನೆಲದಿಂದ 22 ಅಡಿ ಎತ್ತರದಲ್ಲಿದ್ದು, ಕೆಳಗೆ ಯಂತ್ರಗಳು ಓಡುತ್ತಲೇ ಇರುತ್ತವೆ.

ವರ್ಕ್ ಆರ್ಡರ್ ಕೊಡುವ ಮೊದಲು ವಿಮೆಯ ಕಾಗದ ಬೇಕೆಂದು ಕಾರ್ಖಾನೆಯವರು ಕೇಳಿದರು. ಪರಿಚಯದ ಏಜೆಂಟರು ಹದಿನೆಂಟು ಲಕ್ಷಕ್ಕೆ ಒಂದು ಸಿ.ಎ.ಆರ್. (ಕಂಟ್ರಾಕ್ಟರ್ಸ್ ಆಲ್ ರಿಸ್ಕ್ಸ್, ಅಂದರೆ ಗುತ್ತಿಗೆ ಕೆಲಸದ ವಿಮೆ) ಪಾಲಿಸಿ ಮಾಡಿಸಿಕೊಟ್ಟರು. ಕಾರ್ಖಾನೆಯವರು ಅದನ್ನು ನೋಡಿ, ‘ಡಬ್ಲ್ಯೂ.ಸಿ. (ವರ್ಕ್ಮೆನ್ಸ್ ಕಾಂಪೆನ್ಸೇಷನ್, ಅಂದರೆ ಕೆಲಸಗಾರರ ಪರಿಹಾರ ವಿಮೆ) ಎಲ್ಲಿದೆ?’ ಎಂದು ವಾಪಸು ಕಳುಹಿಸಿದ್ದಾರೆ. ಏಜೆಂಟರನ್ನು ಕೇಳಿದರೆ, ಸಿ.ಎ.ಆರ್. ಒಳಗೆ ಮೂರನೆಯವರ ಹೊಣೆಗಾರಿಕೆ ಸೇರಿದೆ, ಕೆಲಸಗಾರರೂ ಮೂರನೆಯವರೇ ಆಗುತ್ತಾರೆ, ಇನ್ನೊಂದು ಪಾಲಿಸಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ ಎನ್ನುತ್ತಾರೆ. ಯಾರ ಮಾತು ಸರಿ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ನಿವೃತ್ತ ವಿಮಾ ಅಧಿಕಾರಿ, ಬಸವನಗುಡಿ

ಕಾರ್ಖಾನೆಯವರ ಮಾತೇ ಸರಿ. ನಿಮ್ಮ ಏಜೆಂಟರು ಹೇಳಿದ್ದು ತಪ್ಪು, ಅದೂ ಅಪಾಯಕಾರಿಯಾದ ತಪ್ಪು. ಸಿ.ಎ.ಆರ್. ಪಾಲಿಸಿಯಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ನೀವು ಮಾಡುತ್ತಿರುವ ಕೆಲಸಕ್ಕೆ ಮತ್ತು ಸ್ಥಳದಲ್ಲಿಟ್ಟ ಸಾಮಗ್ರಿಗೆ ಆಗುವ ಹಾನಿಯನ್ನು ನೋಡಿಕೊಳ್ಳುತ್ತದೆ. ಎರಡನೆಯದು ಹೊರಗಿನವರ ಜೀವಕ್ಕೆ ಅಥವಾ ಆಸ್ತಿಗೆ ಹಾನಿಯಾದಾಗ ನಿಮ್ಮ ಮೇಲೆ ಬರುವ ಹೊಣೆಯನ್ನು ಹೊರುತ್ತದೆ. ಈ ಎರಡನೆಯ ಭಾಗದ ಹೊರತುಪಡಿಕೆಗಳನ್ನು ಓದಿ. ಗುತ್ತಿಗೆದಾರನ ಕೆಲಸಗಾರರಿಗಾಗಲೀ ಕೆಲಸ ಕೊಟ್ಟ ಮಾಲೀಕನ ಕೆಲಸಗಾರರಿಗಾಗಲೀ ಆಗುವ ಗಾಯ ಮತ್ತು ಸಾವು ಇದರಡಿ ಬರುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಶೀಟಿನ ಮೇಲಿಂದ ನಿಮ್ಮ ಹುಡುಗ ಬಿದ್ದರೆ ಈ ಪಾಲಿಸಿಯಿಂದ ಒಂದು ರೂಪಾಯಿಯೂ ಬರುವುದಿಲ್ಲ. ಅದಕ್ಕಾಗಿಯೇ ಇರುವುದು ನೌಕರರ ಪರಿಹಾರ ಪಾಲಿಸಿ. ಹೆಸರು ಬದಲಾಗಿ ಎಷ್ಟೋ ವರ್ಷಗಳಾದರೂ ನಮ್ಮ ಜನ ಅದನ್ನು ಇಂದಿಗೂ ಡಬ್ಲ್ಯೂ.ಸಿ. ಎಂದೇ ಕರೆಯುತ್ತಾರೆ.

ಮೊದಲನೆಯ ಭಾಗದಲ್ಲೂ ಒಂದು ಕೊಕ್ಕೆ ಇದೆ. ಹಳೆಯ ಶೀಟು ಬಿಚ್ಚಿದ ಸಂಜೆಯೇ ಜೋರು ಮಳೆ ಬಂದು ಕೆಳಗಿನ ಯಂತ್ರಗಳು ನೆನೆದವು ಎಂದುಕೊಳ್ಳಿ. ಆ ಯಂತ್ರಗಳು ನಿಮ್ಮ ಗುತ್ತಿಗೆ ಕೆಲಸದ ಅಂಗವಲ್ಲವಾದ್ದರಿಂದ ಮೊದಲ ಭಾಗಕ್ಕೆ ಸೇರುವುದಿಲ್ಲ. ಎರಡನೆಯ ಭಾಗಕ್ಕಾದರೂ ಸೇರೀತೆಂದರೆ, ಅಲ್ಲಿ ಕೆಲಸ ಕೊಟ್ಟ ಮಾಲೀಕನ ಆಸ್ತಿಯನ್ನು ಹೊರಗಿಟ್ಟಿರುತ್ತಾರೆ. ಹೀಗೆ ಛಾವಣಿ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಸಂಭವನೀಯವಾದ ನಷ್ಟವೇ ಎರಡೂ ಭಾಗಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತದೆ. ಮಾಲೀಕನ ಸುತ್ತಮುತ್ತಲ ಆಸ್ತಿಗೆ ರಕ್ಷಣೆ ಕೊಡುವ ಹೆಚ್ಚುವರಿ ಷರತ್ತನ್ನು ಪ್ರತ್ಯೇಕವಾಗಿ ಕೇಳಿ, ಅದಕ್ಕೆ ಮೊತ್ತ ನಿಗದಿಪಡಿಸಿ, ಪ್ರೀಮಿಯಂ ಕಟ್ಟಿ ಹಾಕಿಸಿಕೊಂಡರೆ ಮಾತ್ರ ಆ ಸಂದಿ ಮುಚ್ಚುತ್ತದೆ. ಪೀಣ್ಯದ ಕೆಲಸವನ್ನು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಮಾಡುವುದಾದರೆ ಇದನ್ನು ಬಿಡಲೇಬೇಡಿ. ಆ ದಿನಗಳಲ್ಲಿ ಬೆಂಗಳೂರಿನ ಸಂಜೆಯನ್ನು ನಂಬುವಂತಿಲ್ಲ.

ಪ್ಲಂಬಿಂಗ್ ಗುತ್ತಿಗೆದಾರ, ಯಶವಂತಪುರ

ನಮ್ಮ ಹುಡುಗರಿಗೆಲ್ಲ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ದೇನೆ. ಸತ್ತರೆ ಎರಡು ಲಕ್ಷ ಬರುತ್ತದೆ. ಇದರ ಮೇಲೆ ಗುಂಪು ಅಪಘಾತ ವಿಮೆಯೊಂದನ್ನು ತೆಗೆದುಕೊಂಡರೆ ಡಬ್ಲ್ಯೂ.ಸಿ. ಇಲ್ಲದೆಯೂ ನಡೆಯುವುದಿಲ್ಲವೇ?

ಕಾರ್ಮಿಕ ಪ್ರಕರಣಗಳ ವಕೀಲೆ, ಜಯನಗರ

ನಡೆಯುವುದಿಲ್ಲ ಸರ್. ನೀವು ಹೇಳಿದ ಎರಡೂ ಕೆಲಸಗಾರನಿಗೆ ಸಿಗುವ ನೆರವುಗಳೇ ಹೊರತು ಮಾಲೀಕನ ಕಾನೂನು ಹೊಣೆಯನ್ನು ತೀರಿಸುವಂಥವಲ್ಲ. ಎರಡು ಲಕ್ಷ ಬಂದ ಮೇಲೂ ಪೂರ್ತಿ ಪರಿಹಾರ ಕೇಳುವ ಹಕ್ಕು ಕುಟುಂಬಕ್ಕೆ ಉಳಿದೇ ಇರುತ್ತದೆ.

ಆ ಪೂರ್ತಿ ಎಂದರೆ ಎಷ್ಟು ಎಂಬುದನ್ನು ಬಹಳ ಜನ ಗುತ್ತಿಗೆದಾರರು ಒಮ್ಮೆಯೂ ಲೆಕ್ಕ ಹಾಕಿ ನೋಡಿರುವುದಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ ಸೂತ್ರದಂತೆ ಸಾವಿನ ಪ್ರಕರಣದಲ್ಲಿ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಕೂಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು ಗರಿಷ್ಠ 15,000 ರೂಪಾಯಿ; 2020ರ ಜನವರಿಗೆ ಮೊದಲು ಈ ಮಿತಿ 8,000 ಇತ್ತು. ಮೂವತ್ತು ವರ್ಷದವನಿಗೆ ಗುಣಕ 207.98. ಅಂದರೆ 7,500 ರೂಪಾಯಿಯನ್ನು 207.98ರಿಂದ ಗುಣಿಸಿದರೆ 15,59,850 ರೂಪಾಯಿ ಆಗುತ್ತದೆ. ಅದೇ ಹುಡುಗ ಬದುಕುಳಿದು, ಬೆನ್ನುಮೂಳೆ ಮುರಿದು ಶಾಶ್ವತವಾಗಿ ಯಾವ ಕೆಲಸಕ್ಕೂ ಆಗದವನಾದರೆ ಅರ್ಧದ ಬದಲು ಶೇಕಡಾ 60 ಹಿಡಿಯಬೇಕು. ಆಗ ಮೊತ್ತ 18,71,820 ರೂಪಾಯಿಗೆ ಏರುತ್ತದೆ. ಇದಲ್ಲದೆ 2009ರ ತಿದ್ದುಪಡಿಯ ನಂತರ ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನೂ ಮಾಲೀಕನೇ ಕೊಡಬೇಕು. ಮೂಲ ಪ್ರಶ್ನೆ ಕೇಳಿದವರ ಇಡೀ ಗುತ್ತಿಗೆಯ ಮೊತ್ತವೇ ಹದಿನೆಂಟು ಲಕ್ಷ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

‘ದಿನಗೂಲಿಯವನು, ನಿನ್ನೆ ತಾನೇ ಬಂದವನು’ ಎಂಬ ವಾದವನ್ನು ಇಂದಿಗೂ ಕೇಳುತ್ತೇನೆ. ತಾತ್ಕಾಲಿಕ ಕೆಲಸಗಾರರನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿಯಲ್ಲೇ ತೆಗೆದುಹಾಕಿದ್ದಾರೆ. ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ, ನೆಲದಿಂದ ಛಾವಣಿಯ ತುದಿಯವರೆಗೆ 12 ಅಡಿ ಅಥವಾ ಹೆಚ್ಚು ಎತ್ತರವಿರುವ ಕಟ್ಟಡದ ನಿರ್ಮಾಣ, ದುರಸ್ತಿ ಮತ್ತು ಕೆಡವುವ ಕೆಲಸಗಳನ್ನು ಹೆಸರಿಸಿಯೇ ಸೇರಿಸಿದ್ದಾರೆ. ಶೀಟು ಹೊದಿಸುವವರು ಇದರಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ‘ಏನಾದರೂ ಆದರೆ ನಾನೇ ಹೊಣೆ’ ಎಂದು ಕೆಲಸಗಾರನಿಂದ ಬರೆಸಿಕೊಳ್ಳುವ ಪತ್ರಕ್ಕೂ ಬೆಲೆಯಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಒಪ್ಪಂದವೂ 17ನೆಯ ಕಲಮಿನ ಪ್ರಕಾರ ಅಸಿಂಧು.

ಬೆಲ್ಟ್ ಕೊಟ್ಟಿದ್ದೆ, ಅವನೇ ಹಾಕಿಕೊಳ್ಳಲಿಲ್ಲ ಎಂಬ ಸಮರ್ಥನೆ ಸಣ್ಣಪುಟ್ಟ ಗಾಯಗಳ ಪ್ರಕರಣದಲ್ಲಿ ನಿಂತೀತು. ಸಾವು ಅಥವಾ ಸಂಪೂರ್ಣ ಶಾಶ್ವತ ಅಂಗವೈಕಲ್ಯವಾದಾಗ ಕಾನೂನು ಆ ಸಮರ್ಥನೆಯನ್ನೇ ಒಪ್ಪುವುದಿಲ್ಲ.

ಶೀಟ್ ಕಂಟ್ರಾಕ್ಟರ್, ಕಾಮಾಕ್ಷಿಪಾಳ್ಯ

ಮೇಡಂ, ಆ ಲೆಕ್ಕವನ್ನು ಎರಡು ಸಲ ಮಾಡಿ ನೋಡಿದೆ. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ನನ್ನ ಬಳಿ ಇರುವ ಏಳು ಜನರಲ್ಲಿ ಐವರು ಮೂವತ್ತರ ಆಸುಪಾಸಿನವರು.

ಟ್ರಸ್ ಕೆಲಸ, ಬೊಮ್ಮಸಂದ್ರ

ಅಣ್ಣ, ಡಬ್ಲ್ಯೂ.ಸಿ. ಮಾಡಿಸಿದ ಮಾತ್ರಕ್ಕೆ ನೆಮ್ಮದಿಯಾಗಿ ಮಲಗಬಹುದು ಎಂದುಕೊಳ್ಳಬೇಡಿ. ನನ್ನ ಬಳಿ ಡಬ್ಲ್ಯೂ.ಸಿ. ಪಾಲಿಸಿ ಇತ್ತು, ಪ್ರೀಮಿಯಂ ಕೂಡ ಸಮಯಕ್ಕೆ ಕಟ್ಟಿದ್ದೆ, ಆದರೂ ಕೈಯಿಂದಲೇ ದುಡ್ಡು ಕೊಟ್ಟೆ. ಅದು ಹೇಗಾಯಿತೆಂಬುದನ್ನು ಬರೆಯುತ್ತೇನೆ. ಇದರಲ್ಲಿ ನನ್ನ ತಪ್ಪೂ ಸಾಕಷ್ಟಿದೆ.

ಜಿಗಣಿಯ ಗೋದಾಮೊಂದರಲ್ಲಿ ಸೋರುತ್ತಿದ್ದ ಕಡೆಗಳಲ್ಲಿ ಸ್ಕ್ರೂ ಬದಲಿಸುವ ಚಿಕ್ಕ ಕೆಲಸವಿತ್ತು. ಬೆಳಕು ಬರಲೆಂದು ಉಕ್ಕಿನ ಶೀಟುಗಳ ನಡುವೆ ಅಲ್ಲಲ್ಲಿ ಪಾರದರ್ಶಕ ಶೀಟು ಹಾಕಿದ್ದರು. ಮೇಲೆ ಧೂಳು ಕೂತು ಅದಕ್ಕೂ ಉಕ್ಕಿನ ಶೀಟಿಗೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ನನ್ನ ಹುಡುಗ ಅದರ ಮೇಲೆ ಕಾಲಿಟ್ಟ, ಸೀದಾ ಹದಿನೆಂಟು ಅಡಿ ಕೆಳಗೆ ಬಿದ್ದ. ಸೊಂಟ ಮುರಿಯಿತು. ಜೀವ ಉಳಿದಿದ್ದು ಕೆಳಗೆ ರಟ್ಟಿನ ಪೆಟ್ಟಿಗೆಗಳ ರಾಶಿ ಇದ್ದುದರಿಂದ. ಪರ್ಲಿನ್ (ಶೀಟಿಗೆ ಆಧಾರವಾದ ಅಡ್ಡಪಟ್ಟಿ) ಮೇಲೆ ಹಲಗೆ ಹಾಸಿಕೊಂಡು ನಡೆಯಬೇಕಿತ್ತು. ಒಂದು ಗಂಟೆಯ ಕೆಲಸಕ್ಕೆ ಹಲಗೆ ಯಾಕೆ ಎಂದು ನಾನೇ ಅಂದಿದ್ದೆ.

ವಿಮಾ ಕಂಪನಿಯವರು ಪಾಲಿಸಿಯ ಮೊದಲ ಪುಟ ತೆಗೆದು ತೋರಿಸಿದರು. ಕೆಲಸದ ಸ್ವರೂಪ ಎಂಬಲ್ಲಿ ‘ಫ್ಯಾಬ್ರಿಕೇಷನ್ ವರ್ಕ್‌ಶಾಪ್’ ಎಂದಿತ್ತು. ಸ್ಥಳ ಎಂಬಲ್ಲಿ ಬೊಮ್ಮಸಂದ್ರದ ನನ್ನ ಶೆಡ್ಡಿನ ವಿಳಾಸ ಮಾತ್ರ ಇತ್ತು. ನೆಲದ ಮೇಲೆ ನಿಂತು ವೆಲ್ಡಿಂಗ್ ಮಾಡುವವರಿಗೆ ಇರುವ ದರಕ್ಕೂ ಛಾವಣಿ ಹತ್ತುವವರಿಗೆ ಇರುವ ದರಕ್ಕೂ ವ್ಯತ್ಯಾಸವಿದೆ. ಪ್ರೀಮಿಯಂ ಕಡಿಮೆಯಾಗಲೆಂದು ಹಾಗೆ ಬರೆಸಿದ್ದು ಏಜೆಂಟರೋ ನಾನೋ ಎಂಬುದು ಇಂದಿಗೂ ನಮ್ಮಿಬ್ಬರ ನಡುವಿನ ಜಗಳ. ಆಸ್ಪತ್ರೆ ಖರ್ಚಿನ ಸೇರ್ಪಡೆ ಪಾಲಿಸಿಯಲ್ಲಿ ಇತ್ತಾದರೂ ಅದರ ಮಿತಿ ಒಬ್ಬನಿಗೆ 25,000 ರೂಪಾಯಿ. ಮೊದಲ ದಿನ ಆಸ್ಪತ್ರೆಯಲ್ಲಿ ಕಟ್ಟಿದ ಮುಂಗಡವೇ ಅದಕ್ಕಿಂತ ಹೆಚ್ಚಿತ್ತು. ಕೊನೆಗೆ ಗೂಡ್ಸ್ ಗಾಡಿ ಮಾರಿ ಹೊಂದಿಸಿದೆ. ಆ ಹುಡುಗ ಈಗ ನನ್ನ ಶೆಡ್ಡಿನಲ್ಲೇ ಕೂತು ಮಾಡುವ ಕೆಲಸ ಮಾಡುತ್ತಿದ್ದಾನೆ.

ನಿವೃತ್ತ ವಿಮಾ ಅಧಿಕಾರಿ, ಬಸವನಗುಡಿ

ಬೊಮ್ಮಸಂದ್ರದವರು ಬರೆದಿರುವುದನ್ನು ಓದಿ ಬೇಸರವಾಯಿತು, ಆದರೆ ಆಶ್ಚರ್ಯವಾಗಲಿಲ್ಲ. ನನ್ನ ಸೇವಾವಧಿಯಲ್ಲಿ ನೋಡಿದ ಜಗಳಗಳಲ್ಲಿ ಹೆಚ್ಚಿನವು ಪಾಲಿಸಿ ಇತ್ತೋ ಇಲ್ಲವೋ ಎಂಬುದರ ಮೇಲೆ ಅಲ್ಲ, ಪ್ರಸ್ತಾವನೆಯಲ್ಲಿ ಏನು ಬರೆದಿತ್ತು ಎಂಬುದರ ಮೇಲೆಯೇ ನಡೆದಿದ್ದವು. ಗುತ್ತಿಗೆದಾರರು ಪಾಲಿಸಿಯ ಹೆಸರು ಮತ್ತು ಪ್ರೀಮಿಯಂ ನೋಡುತ್ತಾರೆ. ಕ್ಲೇಮು ಬಂದ ದಿನ ಕಂಪನಿ ನೋಡುವುದು ಕೆಲಸದ ಸ್ವರೂಪ, ಎತ್ತರ, ಸ್ಥಳ, ಜನರ ಸಂಖ್ಯೆ ಮತ್ತು ಕೂಲಿ ಎಂಬ ಐದು ಕಲಂಗಳನ್ನು.

ಕಾಮಾಕ್ಷಿಪಾಳ್ಯದವರೇ, ನಿಮ್ಮ ಪಾಲಿಸಿಯಲ್ಲಿ ‘ಛಾವಣಿ ಶೀಟು ಬಿಚ್ಚುವುದು ಮತ್ತು ಹೊದಿಸುವುದು, ಎತ್ತರದಲ್ಲಿ ಕೆಲಸ’ ಎಂದೇ ಬರೆಸಿ. ಬಿಚ್ಚುವುದು ಎಂಬ ಪದವನ್ನು ಮರೆಯಬೇಡಿ, ಏಕೆಂದರೆ ಹಳೆಯ ಕಲ್ನಾರಿನ ಶೀಟು ಮೇಲೆ ನಿಂತವನ ಭಾರಕ್ಕೆ ಹಪ್ಪಳದಂತೆ ಮುರಿಯುತ್ತದೆ. ಹೊಸದನ್ನು ಹೊದಿಸುವುದಕ್ಕಿಂತ ಹಳೆಯದನ್ನು ಇಳಿಸುವಾಗಲೇ ಅಪಾಯ ಹೆಚ್ಚು. ಸ್ಥಳ ಎಂಬಲ್ಲಿ ಶೆಡ್ಡಿನ ವಿಳಾಸದ ಜೊತೆಗೆ ಪೀಣ್ಯದ ವಿಳಾಸ ಬರಲಿ. ವರ್ಷವಿಡೀ ಬೇರೆ ಬೇರೆ ಕಡೆ ಕೆಲಸವಿದ್ದರೆ ಕರ್ನಾಟಕದೊಳಗಿನ ಎಲ್ಲ ಕೆಲಸದ ಸ್ಥಳಗಳು ಎಂದು ಬರೆಸಲು ಕೇಳಿ. ಮೇಸ್ತ್ರಿ ಕರೆತರುವ ನಾಲ್ವರು ಉಪಗುತ್ತಿಗೆಯ ಕೆಲಸಗಾರರಾಗುತ್ತಾರೆ. ಅವರನ್ನು ಸೇರಿಸಬೇಕಾದರೆ ಅದಕ್ಕೆ ಪ್ರತ್ಯೇಕ ಸೇರ್ಪಡೆ ಬೇಕು, ಅವರ ಕೂಲಿಯೂ ಘೋಷಣೆಯಲ್ಲಿರಬೇಕು.

ಕೂಲಿಯ ವಿಷಯದಲ್ಲಿ ಚೌಕಾಸಿ ಮಾಡಬೇಡಿ. ದಿನಕ್ಕೆ ಸಾವಿರ ರೂಪಾಯಿ ಕೊಟ್ಟು, ಪಾಲಿಸಿಯಲ್ಲಿ ತಿಂಗಳಿಗೆ 9,000 ಎಂದು ಬರೆಸುವವರಿದ್ದಾರೆ. ವಕೀಲರು ಕೊಟ್ಟ ಉದಾಹರಣೆಯನ್ನೇ ತೆಗೆದುಕೊಂಡರೆ, 9,000ದ ಲೆಕ್ಕಕ್ಕೆ 9,35,910 ರೂಪಾಯಿ ಆಗುತ್ತದೆ. ನ್ಯಾಯಾಲಯ ನಿಜವಾದ ಕೂಲಿ ನೋಡಿ 15,59,850 ಎಂದು ತೀರ್ಮಾನಿಸಿದರೆ ಉಳಿದ ಆರು ಲಕ್ಷ ಚಿಲ್ಲರೆಯನ್ನು ಯಾರು ಕೊಡಬೇಕೆಂಬ ತಕರಾರಿಗೆ ನೀವೇ ಬಾಗಿಲು ತೆರೆದಂತಾಗುತ್ತದೆ. ಪ್ರೀಮಿಯಂ ಉಳಿಯುವುದು ಕೆಲವು ಸಾವಿರ ಮಾತ್ರ.

ಹಣ ಕಟ್ಟುವ ದಿನದ ಬಗ್ಗೆಯೂ ಒಂದು ಮಾತು. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನಂತೆ ಪ್ರೀಮಿಯಂ ಕೈಸೇರುವವರೆಗೆ ಕಂಪನಿ ಅಪಾಯವನ್ನು ಹೊರುವಂತಿಲ್ಲ. ಏಜೆಂಟರು ‘ಆಯಿತು, ಕೆಲಸ ಶುರು ಮಾಡಿ’ ಎಂದರೆ ಅದು ವಿಮೆಯಲ್ಲ.

ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ, ಬನಶಂಕರಿ

ನಾವು ಕೆಲಸ ಕೊಡುವ ಕಡೆಯವರು. ನಮ್ಮ ಕಟ್ಟಡದ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಬೇಕಿದೆ. ಗ್ಯಾಸ್ ಬರ್ನರ್ ಹಿಡಿದು ಹಾಳೆ ಅಂಟಿಸುವ ಪದ್ಧತಿಯನ್ನು ಗುತ್ತಿಗೆದಾರರು ಸೂಚಿಸಿದ್ದಾರೆ. ಅವರ ಕೆಲಸಗಾರ ಬಿದ್ದರೆ ಸಂಘದ ಮೇಲೆ ಹೊಣೆ ಬರುತ್ತದೆಯೇ? ಹತ್ತು ವರ್ಷದ ಸೋರಿಕೆ ಗ್ಯಾರಂಟಿಯನ್ನೂ ಕೊಡುತ್ತಾರಂತೆ. ಅದಕ್ಕೂ ವಿಮೆ ಇರುತ್ತದೆಯೇ?

ಕಾರ್ಮಿಕ ಪ್ರಕರಣಗಳ ವಕೀಲೆ, ಜಯನಗರ

ಗುತ್ತಿಗೆದಾರನ ಕೆಲಸಗಾರನಿಗೆ ಕೆಲಸ ಕೊಟ್ಟವನೂ ಪರಿಹಾರ ಕೊಡಬೇಕಾಗುತ್ತದೆ ಎಂಬ ಮಾತು 12ನೆಯ ಕಲಮಿನಲ್ಲಿದೆ. ಆದರೆ ಅದು ಅನ್ವಯಿಸುವುದು, ಒಬ್ಬನು ತನ್ನ ವೃತ್ತಿ ಅಥವಾ ವ್ಯಾಪಾರಕ್ಕಾಗಿ, ಆ ವ್ಯಾಪಾರದ ಸಾಮಾನ್ಯ ಭಾಗವೇ ಆಗಿರುವ ಕೆಲಸವನ್ನು ಗುತ್ತಿಗೆಗೆ ಕೊಟ್ಟಾಗ. ಕಟ್ಟಡದ ದೊಡ್ಡ ಗುತ್ತಿಗೆದಾರರೊಬ್ಬರು ಛಾವಣಿಯ ಭಾಗವನ್ನು ಮಾತ್ರ ಉಪಗುತ್ತಿಗೆಗೆ ಕೊಟ್ಟರೆ ಆ ದೊಡ್ಡ ಗುತ್ತಿಗೆದಾರರು ಸಿಕ್ಕಿಬೀಳುತ್ತಾರೆ. ಪರಿಹಾರ ಕೊಟ್ಟು, ಆಮೇಲೆ ಉಪಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ತನ್ನ ವಾಸದ ಮನೆಯ ತಾರಸಿ ದುರಸ್ತಿ ಮಾಡಿಸುವವರನ್ನು ಈ ಕಲಮಿನಡಿ ಹಿಡಿಯುವುದು ಕಷ್ಟ. ನಿಮ್ಮ ಸಂಘವೂ ಕಟ್ಟಡ ಕಟ್ಟುವ ವ್ಯಾಪಾರ ಮಾಡುತ್ತಿಲ್ಲ. ಆದರೂ ಪ್ರಕರಣದಲ್ಲಿ ನಿಮ್ಮನ್ನೂ ಎದುರುದಾರರನ್ನಾಗಿ ಸೇರಿಸುವುದನ್ನು ಯಾರೂ ತಡೆಯಲಾರರು. ಗುತ್ತಿಗೆದಾರರ ಪಾಲಿಸಿಯ ಪ್ರತಿ ನಿಮ್ಮ ಕಡತದಲ್ಲಿದ್ದರೆ ಆಗ ಅನುಕೂಲ. ಅವಧಿ ಮುಗಿಯುವ ತಾರೀಖನ್ನೂ ನೋಡಿಕೊಳ್ಳಿ.

ನಿವೃತ್ತ ವಿಮಾ ಅಧಿಕಾರಿ, ಬಸವನಗುಡಿ

ಖಜಾಂಚಿಯವರ ಎರಡನೆಯ ಪ್ರಶ್ನೆಗೆ ಉತ್ತರ: ಹತ್ತು ವರ್ಷದ ಗ್ಯಾರಂಟಿ ಗುತ್ತಿಗೆದಾರನ ಬಾಯಿಮಾತು ಅಥವಾ ಕಾಗದದ ಮಾತು, ವಿಮೆಯಲ್ಲ. ಕೆಟ್ಟ ಕೆಲಸವನ್ನು ಮತ್ತೆ ಸರಿಪಡಿಸುವ ಖರ್ಚನ್ನು ಸಿ.ಎ.ಆರ್. ಕೊಡುವುದಿಲ್ಲ. ಬೆಂಕಿ ಹಿಡಿದು ಮಾಡುವ ಕೆಲಸವಿದ್ದರೆ ಅದನ್ನು ಮೊದಲೇ ಕಂಪನಿಗೆ ತಿಳಿಸಬೇಕು. ನಿಮ್ಮ ತಾರಸಿಯಲ್ಲಿ ಸೋಲಾರ್ ಹೀಟರಿನ ಪೈಪುಗಳು, ಕೇಬಲ್ಲುಗಳು, ಯಾರೋ ಒಣಗಿಸಿದ ಬಟ್ಟೆಗಳು ಎಲ್ಲವೂ ಇರುತ್ತವೆ.

ಗಾಳಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಕಟ್ಟಡ ವಿನ್ಯಾಸದ ಭಾರತೀಯ ಮಾನದಂಡವಾದ ಐ.ಎಸ್. 875ರ ಮೂರನೆಯ ಭಾಗದಲ್ಲಿ ಬೆಂಗಳೂರಿನ ಮೂಲ ಗಾಳಿವೇಗವನ್ನು ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್ ಎಂದು ಹಿಡಿದಿದ್ದಾರೆ. ಪೂರ್ತಿ ಸ್ಕ್ರೂ ಬಿಗಿದ ಶೀಟು ಅದನ್ನು ತಡೆಯುವಂತೆ ವಿನ್ಯಾಸ ಮಾಡಬಹುದು. ಸಂಜೆ ಕೆಲಸ ನಿಲ್ಲಿಸುವಾಗ ನಾಲ್ಕು ಮೂಲೆಗೆ ಮಾತ್ರ ಸ್ಕ್ರೂ ಹಾಕಿ ಬಿಟ್ಟ ಶೀಟು ಅದರ ಅರ್ಧ ಗಾಳಿಗೂ ಹಾರಿ ಪಕ್ಕದವರ ಕಾರಿನ ಮೇಲೆ ಬೀಳುತ್ತದೆ. ಕಾರು ಹೊರಗಿನವರದಾದ್ದರಿಂದ ಎರಡನೆಯ ಭಾಗದಲ್ಲಿ ಕ್ಲೇಮು ಮಾಡಬಹುದು. ಆದರೆ ನಿಮ್ಮ ಶೀಟಿನ ನಷ್ಟಕ್ಕೆ, ಬಿರುಗಾಳಿ ಮತ್ತು ಪ್ರವಾಹದಂಥ ನೈಸರ್ಗಿಕ ವಿಕೋಪಗಳಲ್ಲಿ ನೀವೇ ಹೊರಬೇಕಾದ ಕಡಿತದ ಮೊತ್ತ ಸಾಮಾನ್ಯ ನಷ್ಟದ್ದಕ್ಕಿಂತ ಹೆಚ್ಚಿರುತ್ತದೆ. ಸಣ್ಣ ಗುತ್ತಿಗೆಯಲ್ಲಿ ನಷ್ಟವೆಲ್ಲ ಆ ಕಡಿತದೊಳಗೇ ಮುಳುಗಿಹೋಗುವುದೂ ಉಂಟು. ಗೂಡ್ಸ್ ಗಾಡಿಯಿಂದ ಶೀಟು ಜಾರಿ ರಸ್ತೆಯಲ್ಲಿ ಯಾರಿಗಾದರೂ ತಗುಲಿದರೆ ಅದು ವಾಹನ ವಿಮೆಯ ವಿಷಯ, ಸಿ.ಎ.ಆರ್. ಅದರೊಳಗೆ ಬರುವುದಿಲ್ಲ.

ಟ್ರಸ್ ಕೆಲಸ, ಬೊಮ್ಮಸಂದ್ರ

ಒಂದು ಪ್ರಶ್ನೆ ಮೇಡಂ. ಪರಿಚಯದ ಗುತ್ತಿಗೆದಾರರೊಬ್ಬರ ಕೆಲಸಗಾರ ಕೆಲಸದ ಜಾಗದಲ್ಲೇ ತೀರಿಕೊಂಡ. ಊರಿನಿಂದ ಬಂದ ಹಿರಿಯರ ಎದುರು ರಾಜಿ ಮಾಡಿಕೊಂಡು, ಐದು ಲಕ್ಷ ನಗದು ಕೊಟ್ಟು ಕಾಗದ ಮಾಡಿಸಿಕೊಂಡಿದ್ದಾರೆ. ವಿಮಾ ಕಂಪನಿ ಆ ಹಣವನ್ನು ವಾಪಸು ಕೊಡುತ್ತದೆಯೇ?

ಕಾರ್ಮಿಕ ಪ್ರಕರಣಗಳ ವಕೀಲೆ, ಜಯನಗರ

ವಾಪಸು ಬರುವ ಮಾತು ಹಾಗಿರಲಿ, ಅವರು ಇನ್ನೊಮ್ಮೆ ಕೊಡಬೇಕಾಗಿ ಬರಬಹುದು. ಸಾವಿನ ಪರಿಹಾರವನ್ನು ಕುಟುಂಬದ ಕೈಗೆ ನೇರವಾಗಿ ಕೊಟ್ಟರೆ ಅದು ಪರಿಹಾರವೆಂದು ಲೆಕ್ಕಕ್ಕೇ ಬರುವುದಿಲ್ಲ ಎಂದು 8ನೆಯ ಕಲಮು ಹೇಳುತ್ತದೆ. ಮೂರು ತಿಂಗಳ ಕೂಲಿಯಷ್ಟು ಮುಂಗಡಕ್ಕೆ ಮಾತ್ರ ವಿನಾಯಿತಿ. ಹಣವನ್ನು ನೌಕರರ ಪರಿಹಾರ ಆಯುಕ್ತರ ಬಳಿಯೇ ಠೇವಣಿ ಇಡಬೇಕು, ಹಂಚುವುದು ಅವರ ಕೆಲಸ. ಚಿಕ್ಕ ವಯಸ್ಸಿನ ವಿಧವೆಯನ್ನು ಬದಿಗೆ ಸರಿಸಿ ಭಾವ ಮೈದುನಂದಿರೇ ಹಣ ಹಂಚಿಕೊಂಡುಬಿಡುವುದನ್ನು ತಡೆಯಲು ಈ ಕಲಮು ನೆರವಾಗುತ್ತದೆ, ಹಾಗಾಗಿ ನನಗೆ ಇದರ ಮೇಲೆ ಗೌರವವಿದೆ. ಠೇವಣಿ ಇಡುವುದು ಒಂದು ತಿಂಗಳು ಮೀರಿದರೆ ವರ್ಷಕ್ಕೆ ಶೇಕಡಾ 12ರ ಬಡ್ಡಿ, ಸರಿಯಾದ ಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡ. ದಂಡವನ್ನು ವಿಮಾ ಕಂಪನಿ ಹೊರಬೇಕಿಲ್ಲ ಎಂದು 1997ರಲ್ಲಿ ವಾಹನ ವಿಮೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಡ್ಡಿಯನ್ನು ಪಾಲಿಸಿಯ ಷರತ್ತಿನಲ್ಲೇ ಹೊರಗಿಡಲು ಅವಕಾಶವಿದೆ ಎಂದು 2006ರಲ್ಲಿ ಹೇಳಿದೆ. ನಿಮ್ಮ ಪಾಲಿಸಿಯಲ್ಲಿ ಬಡ್ಡಿಯ ಬಗ್ಗೆ ಏನಿದೆ ಎಂದು ಹುಡುಕಿ ನೋಡಿ.

ಇಲ್ಲಿಯವರೆಗೆ ನಾನು ಹಳೆಯ ಕಾಯ್ದೆಯ ಕಲಮುಗಳನ್ನೇ ಹೇಳಿದೆ, ಏಕೆಂದರೆ ಎಲ್ಲರ ಬಾಯಲ್ಲಿ ಇರುವುದು ಅವೇ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದು, ಈ ವಿಷಯ ಈಗ ಸಾಮಾಜಿಕ ಭದ್ರತಾ ಸಂಹಿತೆಯ 7ನೆಯ ಅಧ್ಯಾಯಕ್ಕೆ ಸೇರಿದೆ. ಶೇಕಡಾ 50, ಶೇಕಡಾ 60 ಮತ್ತು ವಯಸ್ಸಿನ ಗುಣಕಗಳ ಸೂತ್ರ ಹಾಗೆಯೇ ಉಳಿದಿದೆ. ಆಯುಕ್ತರ ಜಾಗದಲ್ಲಿ ಸಕ್ಷಮ ಪ್ರಾಧಿಕಾರ ಎಂಬ ಹೆಸರು ಬಂದಿದೆ. ಹೊಸ ಪಾಲಿಸಿ ತೆಗೆದುಕೊಳ್ಳುವವರು ಅದರಲ್ಲಿ 1923ರ ಕಾಯ್ದೆಯ ಜೊತೆಗೆ ಸಂಹಿತೆಯ ಹೆಸರೂ ಇದೆಯೇ ಎಂದು ನೋಡಿಕೊಳ್ಳಿ.

ಇನ್ನೊಂದು ವಿಷಯ. ಕಾಮಾಕ್ಷಿಪಾಳ್ಯದವರ ಏಳು ಮತ್ತು ನಾಲ್ಕು ಸೇರಿದರೆ ಹನ್ನೊಂದು. ಹತ್ತು ಜನ ಆದೊಡನೆ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಪ್ರಶ್ನೆ ಏಳುತ್ತದೆ. ಇ.ಎಸ್.ಐ.ಗೆ ಒಳಪಟ್ಟವನು ಅದೇ ಗಾಯಕ್ಕೆ ಮಾಲೀಕನಿಂದ ಬೇರೆ ಪರಿಹಾರ ಕೇಳುವಂತಿಲ್ಲ. ಆದರೆ ತಿಂಗಳಿಗೆ 21,000ಕ್ಕಿಂತ ಹೆಚ್ಚು ಕೂಲಿ ಪಡೆಯುವವನು ಇ.ಎಸ್.ಐ. ಹೊರಗೇ ಉಳಿಯುತ್ತಾನೆ, ಬೆಂಗಳೂರಿನಲ್ಲಿ ಒಳ್ಳೆಯ ಶೀಟ್ ಫಿಟ್ಟರ್ ಆ ಮಿತಿಯನ್ನು ಸುಲಭವಾಗಿ ದಾಟುತ್ತಾನೆ. ಅಂಥವರಿಗೆ ಡಬ್ಲ್ಯೂ.ಸಿ. ಬೇಕೇ ಬೇಕು.

ಪ್ಲಂಬಿಂಗ್ ಗುತ್ತಿಗೆದಾರ, ಯಶವಂತಪುರ

ಬೊಮ್ಮಸಂದ್ರದವರ ಪ್ರಕರಣದಂತೆ ಕ್ಲೇಮು ತಿರಸ್ಕರಿಸಿದರೆ ಎಲ್ಲಿಗೆ ಹೋಗಬೇಕು?

ನಿವೃತ್ತ ವಿಮಾ ಅಧಿಕಾರಿ, ಬಸವನಗುಡಿ

ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತವಾಗಿ ಕೊಡಿ. ಸಮಾಧಾನವಾಗದಿದ್ದರೆ ಜೆ.ಪಿ. ನಗರದಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಏಕವ್ಯಕ್ತಿ ಮಾಲೀಕತ್ವದ ಸಂಸ್ಥೆಗಳಿಗೂ ಅತಿಸಣ್ಣ ಉದ್ಯಮಗಳಿಗೂ ಕೊಟ್ಟ ಪಾಲಿಸಿಗಳ ದೂರುಗಳನ್ನು ಅಲ್ಲಿ ತೆಗೆದುಕೊಳ್ಳುತ್ತಾರೆ, ಶುಲ್ಕವಿಲ್ಲ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಆದರೆ ಮೊದಲ ಪುಟದಲ್ಲಿ ತಪ್ಪು ಬರೆದಿದ್ದರೆ ಅಲ್ಲಿಯೂ ಪವಾಡ ನಡೆಯುವುದಿಲ್ಲ.

ಶೀಟ್ ಕಂಟ್ರಾಕ್ಟರ್, ಕಾಮಾಕ್ಷಿಪಾಳ್ಯ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಬೇರೆ ಏಜೆಂಟರ ಮೂಲಕ ಡಬ್ಲ್ಯೂ.ಸಿ. ಪಾಲಿಸಿ ಮಾಡಿಸಿದೆ. ಕೆಲಸದ ಸ್ವರೂಪದಲ್ಲಿ ಬಿಚ್ಚುವುದು, ಹೊದಿಸುವುದು ಎರಡನ್ನೂ ಬರೆಸಿದ್ದೇನೆ. ಎತ್ತರ 22 ಅಡಿ ಎಂದು ಹೇಳಿದಾಗ ದರ ಏರಿತು, ಆದರೂ ಒಪ್ಪಿಕೊಂಡೆ. ಆಸ್ಪತ್ರೆ ಖರ್ಚಿನ ಮಿತಿಯನ್ನು ಒಬ್ಬನಿಗೆ ಎರಡು ಲಕ್ಷಕ್ಕೆ ಏರಿಸಿದರು. ಸಿ.ಎ.ಆರ್.ನಲ್ಲಿ ಕಾರ್ಖಾನೆಯ ಯಂತ್ರಗಳಿಗೆ ಹೆಚ್ಚುವರಿ ಷರತ್ತು ಸೇರಿಸುವಾಗ, ದಿನಕ್ಕೆ ಎಷ್ಟು ಶೀಟು ಬಿಚ್ಚುತ್ತೀರಿ, ರಾತ್ರಿ ತಾಡಪಾಲು ಮುಚ್ಚುತ್ತೀರಾ ಎಂದು ವಿಮಾ ಕಂಪನಿಯವರು ಲಿಖಿತವಾಗಿ ಕೇಳಿದರು. ಸಂಜೆಯೊಳಗೆ ಹೊದಿಸಲಾಗುವಷ್ಟನ್ನು ಮಾತ್ರ ಬೆಳಿಗ್ಗೆ ಬಿಚ್ಚುತ್ತೇವೆ ಎಂದು ಬರೆದುಕೊಟ್ಟಿದ್ದೇನೆ. ಈಗ ಹಾಗೆಯೇ ಮಾಡಬೇಕು. ಇ.ಎಸ್.ಐ. ನೋಂದಣಿಗೆ ಲೆಕ್ಕಪರಿಶೋಧಕರ ಬಳಿ ಕಾಗದ ಕೊಟ್ಟಿದ್ದೇನೆ. ಎರಡೂ ಪಾಲಿಸಿಗಳ ಪ್ರತಿ ನೋಡಿ ಕಾರ್ಖಾನೆಯವರು ವರ್ಕ್ ಆರ್ಡರ್ ಕೊಟ್ಟರು.

ಕೆಲಸ ಸೋಮವಾರ ಶುರು. ಮೇಸ್ತ್ರಿಯ ನಾಲ್ವರಲ್ಲಿ ಇಬ್ಬರ ಹೆಸರು ಮತ್ತು ವಯಸ್ಸಿನ ದಾಖಲೆ ಇನ್ನೂ ಕೈಗೆ ಬಂದಿಲ್ಲ. ಅದು ಬಂದು ಪಾಲಿಸಿಗೆ ಸೇರುವವರೆಗೆ ಅವರು ಕೆಳಗೆ ಶೀಟು ಎತ್ತಿಕೊಡುವುದೂ ಬೇಡ, ಮನೆಯಲ್ಲೇ ಇರಲಿ ಎಂದು ಮೇಸ್ತ್ರಿಗೆ ಹೇಳಿದ್ದೇನೆ. ಅವರು ಮುನಿಸಿಕೊಂಡಿದ್ದಾರೆ.